ಸಂಘದ ಲೆಕ್ಕ ಕ್ಲೌಡ್‌ಗೆ ಹೋಗುವ ಮುನ್ನ: ಕೇಳಬೇಕಾದ ಕಾಗದ, ಕೈಯಾರೆ ಮಾಡಬೇಕಾದ ಪರೀಕ್ಷೆ

ತುಮಕೂರು ಜಿಲ್ಲೆಯಲ್ಲಿ ಈಗ ಯಾವ ಪತ್ತಿನ ಸಹಕಾರಿಗೆ ಹೋದರೂ, ಸೌಹಾರ್ದಕ್ಕೆ ಹೋದರೂ, ತಿಪಟೂರಿನ ಕೊಬ್ಬರಿ ಮಂಡಿಗೆ ಹೋದರೂ ಒಂದೇ ಮಾತು: ‘ಈ ವರ್ಷ ಕ್ಲೌಡ್‌ಗೆ ಹೋಗ್ತಿದೀವಿ.’ ಅಂದರೆ ಲೆಕ್ಕ ಇನ್ನು ಸಂಘದ ಕಂಪ್ಯೂಟರಿನಲ್ಲಲ್ಲ, ಇಂಟರ್ನೆಟ್ ಮೂಲಕ ಬೇರೆಯವರ ಯಂತ್ರದಲ್ಲಿ. ಕಾರ್ಯದರ್ಶಿಯವರ ಮೇಜಿನ ಮೇಲೆ ಎರಡು ಮೂರು ಕೊಟೇಷನ್ ಬಿದ್ದಿರುತ್ತವೆ. ಆಡಳಿತ ಮಂಡಳಿಯವರು ದರ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ, ಠರಾವು ಬರೆಯುತ್ತಾರೆ. ಭದ್ರತೆ ಹೇಗೆ ಅಂದರೆ ಮಾರುವವರ ಉತ್ತರ ಸಿದ್ಧವಾಗಿರುತ್ತದೆ: ‘ತಲೆ ಕೆಡಿಸ್ಕೋಬೇಡಿ ಸಾರ್, ಎಲ್ಲಾ ಗೌರ್ಮೆಂಟ್ ಅಪ್ರೂವ್ಡ್ ಕ್ಲೌಡ್‌ನಲ್ಲೇ ಇರುತ್ತೆ.’

ಈ ‘ಗೌರ್ಮೆಂಟ್ ಅಪ್ರೂವ್ಡ್’ ಅನ್ನುವುದರಲ್ಲಿ ನಿಜ ಎಷ್ಟು, ಅಲಂಕಾರ ಎಷ್ಟು ಅಂತ ಪತ್ತೆ ಹಚ್ಚುವುದು ಹೇಗೆ ಎಂಬುದಕ್ಕೆ ಈ ಲೇಖನ. ಸರ್ಕಾರ ಕ್ಲೌಡ್‌ಗೆ ಮಾನದಂಡ ಮಾಡಿರುವುದು ಮುಖ್ಯವಾಗಿ ತನ್ನ ಇಲಾಖೆಗಳಿಗಾಗಿ. ನಿಮ್ಮ ಸಂಘಕ್ಕೆ ಅದರಲ್ಲಿ ಎಷ್ಟೋ ಭಾಗ ಕಡ್ಡಾಯವಲ್ಲ. ಆದರೆ ತಜ್ಞರು ವರ್ಷಗಟ್ಟಲೆ ಕೂತು ಬರೆದ ಪ್ರಶ್ನೆಗಳ ಪಟ್ಟಿ ಪುಕ್ಕಟೆ ಸಿಗುವಾಗ ಎರವಲು ಪಡೆಯಲು ಸಂಕೋಚವೇಕೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ, ಅಂದರೆ ನಮ್ಮ ವಿಎಸ್‌ಎಸ್‌ಎನ್‌ಗಳಿಗೆ, ಈ ಆಯ್ಕೆಯ ತಲೆನೋವು ಅಷ್ಟಾಗಿ ಇಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಬಾರ್ಡ್ ಮೂಲಕ ಒಂದೇ ಕ್ಲೌಡ್ ತಂತ್ರಾಂಶ. ಉಳಿದವರು ಸ್ವಂತ ಬುದ್ಧಿಯಿಂದಲೇ ಆರಿಸಿಕೊಳ್ಳಬೇಕು.

1. ಏನಿದೆ ಅಂತ ಮೊದಲು ಬರೆದಿಡಿ

ಒಂದು ಹಾಳೆ ಸಾಕು. ಸದಸ್ಯರ ವಿವರ, ಆಧಾರ್ ಮತ್ತು ಪ್ಯಾನ್ ಪ್ರತಿಗಳು, ಸಾಲದ ಖಾತೆ, ಪಿಗ್ಮಿ, ಠೇವಣಿ, ಷೇರು, ಸಭೆಯ ನಡಾವಳಿ, ಸ್ಕ್ಯಾನ್ ಮಾಡಿದ ಒಡವೆ ಸಾಲದ ಚೀಟಿ. ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ: ಇದು ಹೊರಗೆ ಸೋರಿದರೆ ಯಾರಿಗೆ ತೊಂದರೆ? ಒಂದು ದಿನ ಸಿಗದೇ ಹೋದರೆ ಕೌಂಟರ್ ನಡೆಯುತ್ತದೆಯೇ? ಮುಂದಿನ ಹೆಜ್ಜೆಗಳಲ್ಲಿ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಅನ್ನುವುದು ಈ ಹಾಳೆಯಿಂದಲೇ ಗೊತ್ತಾಗುತ್ತದೆ.

2. ಯಾರಿಂದ ಕೊಳ್ಳುತ್ತಿದ್ದೀರಿ? ತಂತ್ರಾಂಶ ಯಾರದು, ಯಂತ್ರ ಯಾರದು?

ಗೊಂದಲದ ಮೂಲ ಇಲ್ಲೇ ಇದೆ. ಬಿ.ಎಚ್. ರಸ್ತೆಯಲ್ಲೋ ಬೆಂಗಳೂರಿನಲ್ಲೋ ಕಚೇರಿ ಇಟ್ಟುಕೊಂಡ ಕಂಪನಿ ನಿಮಗೆ ಮಾರುವುದು ತಂತ್ರಾಂಶ. ಅದು ಓಡುವುದು ಇನ್ಯಾರದೋ ದತ್ತಾಂಶ ಕೇಂದ್ರದ ಯಂತ್ರದ ಮೇಲೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2011ರಲ್ಲಿ ಕ್ಲೌಡ್‌ಗೆ ಕೊಟ್ಟ ವ್ಯಾಖ್ಯೆಯನ್ನೇ ಜಗತ್ತು ಇವತ್ತಿಗೂ ಬಳಸುತ್ತಿದೆ. ಅದರ ಪ್ರಕಾರ ಸೇವೆಗಳು ಮೂರು ಬಗೆ: ಬರೀ ಯಂತ್ರ ಕೊಡುವುದು, ತಂತ್ರಾಂಶ ಕಟ್ಟಲು ಬೇಕಾದ ವೇದಿಕೆ ಕೊಡುವುದು, ಸಿದ್ಧ ತಂತ್ರಾಂಶವನ್ನೇ ಕೊಡುವುದು. ನೀವು ಕೊಳ್ಳುತ್ತಿರುವುದು ಮೂರನೆಯದನ್ನು. ‘ಅಪ್ರೂವ್ಡ್’ ಅಂತ ತೋರಿಸುವುದು ಸಾಮಾನ್ಯವಾಗಿ ಮೊದಲನೆಯದರ ಕಾಗದವನ್ನು.

ಆ ಕಾಗದ ಹುಟ್ಟಿದ್ದು ಹೀಗೆ. ಭಾರತ ಸರ್ಕಾರ ತನ್ನ ಇಲಾಖೆಗಳ ಕ್ಲೌಡ್‌ಗೆ ‘ಮೇಘರಾಜ’ ಅಂತ ಹೆಸರಿಟ್ಟು 2013ರಲ್ಲಿ ನೀತಿ ಹೊರಡಿಸಿತು. ಸರ್ಕಾರದ ಗಣಕ ಸೇವಾ ಸಂಸ್ಥೆ ಎನ್‌ಐಸಿಯ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಶುರುವಾಯಿತು. ಸ್ವಂತ ಯಂತ್ರಗಳು ಸಾಲದೆಂದು ಖಾಸಗಿಯವರನ್ನೂ ಸೇರಿಸಿಕೊಳ್ಳಲು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಎಂಪ್ಯಾನೆಲ್‌ಮೆಂಟ್, ಅಂದರೆ ಪರೀಕ್ಷಿಸಿ ಮಾನ್ಯತೆಯ ಪಟ್ಟಿಗೆ ಸೇರಿಸುವ ಪದ್ಧತಿ ತಂದಿತು. ಪಟ್ಟಿಗೆ ಸೇರಬೇಕಾದರೆ ಸಚಿವಾಲಯದ ಅಡಿಯ ಎಸ್‌ಟಿಕ್ಯೂಸಿ ಎಂಬ ಗುಣಮಟ್ಟ ಪರೀಕ್ಷಾ ಸಂಸ್ಥೆ ಭದ್ರತಾ ತಪಾಸಣೆ ಮಾಡಬೇಕು, ದತ್ತಾಂಶ ಭಾರತದೊಳಗೇ ಇರಬೇಕು, ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡಗಳಾದ ಐಎಸ್‌ಒ 27001, 27017, 27018ರ ಪ್ರಮಾಣಪತ್ರಗಳಿರಬೇಕು. ಪಟ್ಟಿ ಸಚಿವಾಲಯದ ಜಾಲತಾಣದಲ್ಲಿದೆ. ಯಾರು ಬೇಕಾದರೂ ತೆರೆದು ನೋಡಬಹುದು.

ನೋಡುವಾಗ ಕಂಪನಿಯ ಹೆಸರು ಕಂಡಿತೆಂದು ಪುಟ ಮುಚ್ಚಬೇಡಿ. ಮಾನ್ಯತೆ ಕಂಪನಿಗೆ ಇಡಿಯಾಗಿ ಸಿಗುವುದಲ್ಲ. ಯಾವ ದತ್ತಾಂಶ ಕೇಂದ್ರ, ಯಾವ ಬಗೆಯ ಕ್ಲೌಡ್, ಯಾವ ತಾರೀಖಿನವರೆಗೆ ಎಂದು ಬೇರೆ ಬೇರೆ ನಮೂದು ಇರುತ್ತದೆ. ದೊಡ್ಡ ಕಂಪನಿಯ ಮುಂಬೈ ಕೇಂದ್ರಕ್ಕೆ ಮಾನ್ಯತೆ ಇದ್ದು, ನಿಮ್ಮ ತಂತ್ರಾಂಶ ಅದೇ ಕಂಪನಿಯ ಸಿಂಗಾಪುರದ ಯಂತ್ರದ ಮೇಲೆ ಓಡುತ್ತಿದ್ದರೆ ಆ ಕಾಗದ ನಿಮಗೆ ಉಪಯೋಗಕ್ಕಿಲ್ಲ.

ಆದ್ದರಿಂದ ಮಾರುವವರಿಗೆ ಕಾಗದದ ಮೇಲೆ ಕೇಳಿ: ನಮ್ಮ ದತ್ತಾಂಶ ಯಾವ ಕಂಪನಿಯ, ಯಾವ ಊರಿನ ಕೇಂದ್ರದಲ್ಲಿರುತ್ತದೆ? ಬ್ಯಾಕಪ್ ಯಾವ ಊರಿನಲ್ಲಿ? ನಡುವೆ ಮತ್ತೊಬ್ಬ ಮರುಮಾರಾಟಗಾರ ಇದ್ದಾನೆಯೇ? ಬಾಯಿಮಾತಿನ ಉತ್ತರ ಬೇಡ. ಒಂದು ವಾರ ಬಿಟ್ಟು ಇಮೇಲ್‌ನಲ್ಲಿ ‘ಅಂಡರ್ ಎನ್‌ಕ್ರಿಪ್ಶನ್ ಸರ್, ಫುಲ್ ಸೇಫ್’ ಅಂತ ಬಂದರೆ ಅದು ಉತ್ತರವಲ್ಲ. ಊರಿನ ಹೆಸರು ಕೇಳಿದ್ದೀರಿ. ಊರಿನ ಹೆಸರು ಬರಬೇಕು.

ಇಲ್ಲಿ ಇನ್ನೊಂದು ಬಲೆ ಇದೆ. ಯಂತ್ರ ಮಾನ್ಯತೆ ಪಡೆದ ಕೇಂದ್ರದಲ್ಲೇ ಇದೆ ಅಂತಿಟ್ಟುಕೊಳ್ಳಿ. ಆ ಭದ್ರತಾ ತಪಾಸಣೆ ತಂತ್ರಾಂಶವನ್ನು ಮುಟ್ಟುವುದೇ ಇಲ್ಲ. ಕಟ್ಟಡ ಗಟ್ಟಿ, ಗೇಟಿನಲ್ಲಿ ಕಾವಲುಗಾರ ಇದ್ದಾನೆ, ಆದರೆ ಬಾಡಿಗೆದಾರ ಬಾಗಿಲಿಗೆ ಬೀಗ ಹಾಕಿಲ್ಲ ಅನ್ನುವ ಸ್ಥಿತಿ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಒಂದು ಕಂಪನಿಗೆ ರಾನ್ಸಮ್‌ವೇರ್, ಅಂದರೆ ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ, ತಗುಲಿತು. ಯುಪಿಐ ಮುಂತಾದ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಮುನ್ನೆಚ್ಚರಿಕೆಯಾಗಿ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರು ಪರದಾಡಿದರೆಂದು ವರದಿಯಾಯಿತು. ಬ್ಯಾಂಕುಗಳ ತಪ್ಪಿತ್ತೋ ಇಲ್ಲವೋ, ಕೌಂಟರ್ ಮುಂದೆ ನಿಂತ ಗ್ರಾಹಕನಿಗೆ ಉತ್ತರ ಹೇಳಬೇಕಾಗಿ ಬಂದದ್ದು ಬ್ಯಾಂಕಿನವರೇ.

ಹಾಗಾಗಿ ತಂತ್ರಾಂಶಕ್ಕೆ ಬೇರೆಯೇ ಕಾಗದ ಕೇಳಿ: ಸೈಬರ್ ಭದ್ರತೆ ನೋಡುವ ಕೇಂದ್ರ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಭದ್ರತಾ ತಪಾಸಕರಿಂದ ಕಳೆದ ಒಂದು ವರ್ಷದೊಳಗೆ ಆ ತಂತ್ರಾಂಶದ ಭದ್ರತಾ ಪರೀಕ್ಷೆ ಆಗಿದೆಯೇ? ಆಗಿದ್ದರೆ ಪ್ರಮಾಣಪತ್ರದ ಪ್ರತಿ ಕೊಡಿ.

3. ಐಎಸ್‌ಒ ಪ್ರಮಾಣಪತ್ರ ಓದುವ ಕ್ರಮ

ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ, ಮನೆಗೆ ಬಂದು ದೊಡ್ಡದು ಮಾಡಿ ಓದಿ. ‘ವ್ಯಾಪ್ತಿ’ ಅಂತ ಒಂದು ಸಾಲಿರುತ್ತದೆ. ಅದರಲ್ಲಿ ನೀವು ಕೊಳ್ಳುತ್ತಿರುವ ಸೇವೆ ಬರುತ್ತದೋ, ಅಥವಾ ಅವರ ಮಾನವ ಸಂಪನ್ಮೂಲ ವಿಭಾಗದ ಕಚೇರಿಗಷ್ಟೇ ಸೀಮಿತವೋ ನೋಡಿ. ಆಮೇಲೆ ವರ್ಷ: 27001ರ 2013ರ ಆವೃತ್ತಿಯಿಂದ 2022ರ ಆವೃತ್ತಿಗೆ ಬದಲಾಗಲು ಕೊಟ್ಟಿದ್ದ ಗಡುವು 2025ರ ಅಕ್ಟೋಬರ್ 31ಕ್ಕೆ ಮುಗಿದಿದೆ. 27001:2013 ಅಂತ ಬರೆದಿರುವ ಪತ್ರ ಈಗ ತೋರಿಸಿದರೆ ಅದು ಹಳೇ ಕ್ಯಾಲೆಂಡರ್. 27017 ಕ್ಲೌಡ್‌ಗೆಂದೇ ಇರುವ ನಿಯಂತ್ರಣಗಳ ಮಾನದಂಡ. 27018 ಕ್ಲೌಡ್‌ನಲ್ಲಿನ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು. ಮೂರೂ ಇದ್ದರೆ ಒಳ್ಳೆಯದು. 27001 ಒಂದೇ ಇದ್ದರೆ ಬಾಗಿಲು ಹಾಕುವ ಅಗತ್ಯವಿಲ್ಲ, ಸಣ್ಣ ಕಂಪನಿಗಳಿಗೆ ಮೂರನ್ನೂ ಪಡೆಯುವುದು ದುಬಾರಿ.

4. ಒಳಗೆ ಹೋಗುವ ಮೊದಲು ಹೊರಬರುವ ದಾರಿ ಪರೀಕ್ಷಿಸಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ಪಾಲಿಸುವಷ್ಟು ಪುರುಸೊತ್ತಿದ್ದರೆ ಇದನ್ನು ಪಾಲಿಸಿ. ಭದ್ರತೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಐದು ವರ್ಷ ಆದ ಮೇಲೆ ‘ನಮ್ಮ ಲೆಕ್ಕ ನಮಗೆ ಕೊಡಿ, ಬೇರೆ ಕಡೆ ಹೋಗ್ತೀವಿ’ ಅಂದಾಗ ಏನಾಗುತ್ತದೆ ಅಂತ ಮೊದಲೇ ಕೇಳುವವರು ಕಡಿಮೆ.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಬಂದಿದೆ. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿರುವ ಅಲ್ಲಿನ ದತ್ತಾಂಶ ಕಾಯ್ದೆಯ ಪ್ರಕಾರ ಗ್ರಾಹಕ ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೋಗಲು ಅಡ್ಡಿ ಮಾಡುವಂತಿಲ್ಲ. 2027ರ ಜನವರಿ 12ರಿಂದ ಬದಲಾವಣೆಗೆಂದು ಶುಲ್ಕವನ್ನೂ ವಸೂಲಿ ಮಾಡುವಂತಿಲ್ಲ. ನಮ್ಮಲ್ಲಿ 2019ರ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ಒಬ್ಬ ವ್ಯಕ್ತಿ ತನ್ನ ದತ್ತಾಂಶವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಹಕ್ಕು ಇತ್ತು. 2023ರಲ್ಲಿ ಕಾಯ್ದೆಯಾಗುವ ಹೊತ್ತಿಗೆ ಅದು ಬಿಟ್ಟುಹೋಗಿತ್ತು. ಸಂಘಕ್ಕೆ ಹೊರಬರುವ ದಾರಿ ಬೇಕೆಂದರೆ ನೀವೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಕ್ಲೌಡ್‌ಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವುದಕ್ಕೆ ಐಎಸ್‌ಒ 19941 ಅಂತ 2017ರ ಮಾನದಂಡವೊಂದಿದೆ. ಅದು ಈ ಹೊಂದಾಣಿಕೆಯನ್ನು ಐದು ಮಗ್ಗುಲಿನಲ್ಲಿ ನೋಡುತ್ತದೆ: ಸಾಗಣೆ, ವಿನ್ಯಾಸ, ಅರ್ಥ, ವರ್ತನೆ, ನೀತಿ. ಪುಸ್ತಕದ ಮಾತಿನ ಹಾಗೆ ಕಂಡರೂ ನಮ್ಮ ಸಂಘಗಳಲ್ಲಿ ಎಡವುವುದು ಇವುಗಳಲ್ಲೇ. ಪ್ರಾತ್ಯಕ್ಷಿಕೆ ದಿನವೇ ಮಾರುವವರಿಗೆ ಹೇಳಿ: ‘ನೂರು ಸದಸ್ಯರ ಮಾದರಿ ಲೆಕ್ಕ ಹಾಕಿದೀವಿ. ಈಗ ನಮ್ಮ ಕಣ್ಮುಂದೆ ಪೂರ್ತಿ ಹೊರಗೆ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಡಿ.’ ‘ಪಿಡಿಎಫ್ ರಿಪೋರ್ಟ್ ಬರುತ್ತೆ ಸಾರ್’ ಅಂದರೆ ಒಪ್ಪಬೇಡಿ. ಪಿಡಿಎಫ್ ಓದಲು ಚೆನ್ನ, ಇನ್ನೊಂದು ತಂತ್ರಾಂಶಕ್ಕೆ ಉಣಿಸಲು ಬಾರದು. ಸಿಎಸ್‌ವಿ ಕಡತ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಪಠ್ಯದ ಕೋಷ್ಟಕ) ಬೇಕು, ಜತೆಗೆ ಪ್ರತಿ ಕಾಲಮ್ಮಿನ ಅರ್ಥ ವಿವರಿಸುವ ಪಟ್ಟಿ ಬೇಕು.

ಆ ಕಡತವನ್ನು ನಿಮ್ಮ ಕಂಪ್ಯೂಟರಿಗೆ ತಂದು ಈ ಕೆಳಗಿನವನ್ನು ನೋಡಿ.

ಕನ್ನಡ ಅಕ್ಷರ. ಎಕ್ಸೆಲ್‌ನಲ್ಲಿ ಸಿಎಸ್‌ವಿಯನ್ನು ನೇರ ಡಬಲ್ ಕ್ಲಿಕ್ ಮಾಡಿದರೆ ಎಷ್ಟೋ ಸಲ ಕನ್ನಡದ ಬದಲು ಚಿತ್ರವಿಚಿತ್ರ ಗುರುತು ಬರುತ್ತವೆ. ಗಾಬರಿ ಬೇಡ. ಡೇಟಾ ಮೆನುವಿನಲ್ಲಿ ಪಠ್ಯ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆಗೆ ಹೋಗಿ, ಫೈಲ್ ಒರಿಜಿನ್ ಅಂತ ಇರುವ ಕಡೆ 65001 ಯುಟಿಎಫ್-8 ಆರಿಸಿ. ಆಗಲೂ ‘ಗಂಗಾಧರಯ್ಯ’ ಬರಬೇಕಾದ ಕಡೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬಂದರೆ, ನಿಮ್ಮ ಹಳೆಯ ದತ್ತಾಂಶ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಬದಲಾಗದೆ ಹಳೇ ನುಡಿ ಫಾಂಟಿನಲ್ಲೇ ಕೂತಿದೆ ಎಂದು ತಿಳಿಯಿರಿ. ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯೂನಿಕೋಡನ್ನು ಅಧಿಕೃತ ಮಾನದಂಡ ಅಂತ 2009ರಲ್ಲೇ ಹೇಳಿಯಾಗಿದೆ. ಆದರೂ ಹಳೇ ಸಂಘಗಳ ಸದಸ್ಯರ ಪಟ್ಟಿ ಇನ್ನೂ ಆ ಫಾಂಟಿನಲ್ಲೇ ಇರುವುದುಂಟು. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಮುದ್ರಿಸಿದರೂ ಸರಿಯಾಗಿರುತ್ತದೆ; ಫಾಂಟ್ ಇಲ್ಲದ ಇನ್ನೊಂದು ಯಂತ್ರಕ್ಕೆ ಹೋದಾಗಲೇ ಬಣ್ಣ ಬಯಲು. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ. ನರಸಿಂಹಮೂರ್ತಿ, ದುರ್ಗಮ್ಮ, ಪಾರ್ವತಮ್ಮ ಮುಂತಾದವರು ಮುರಿದುಬೀಳುವುದು ಇಲ್ಲೇ. ಹೆಸರು ತಪ್ಪಿದರೆ ಆಧಾರ್ ಜತೆ ಹೊಂದುವುದಿಲ್ಲ, ಸದಸ್ಯರು ಕೌಂಟರ್‌ಗೆ ಬಂದಾಗ ಹುಡುಕಿದರೂ ಸಿಗುವುದಿಲ್ಲ.

ಖಾತೆ ಸಂಖ್ಯೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರ. 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆ ಎಂದೇ ತೆರೆದು ಉಳಿಸಿದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. 000457 ಎಂಬ ಸದಸ್ಯ ಸಂಖ್ಯೆ 457 ಆಗುತ್ತದೆ. ಈ ಕಾಲಮ್ಮುಗಳನ್ನು ‘ಟೆಕ್ಸ್ಟ್’ ಅಂತ ಆರಿಸಿಯೇ ತೆರೆಯಿರಿ. ಮೂಲ ಕಡತದ ಒಂದು ಪ್ರತಿಯನ್ನು ಯಾವತ್ತೂ ಮುಟ್ಟದೆ ಇಡಿ.

ತಾರೀಖು. 05-06-2023 ಅಂದರೆ ಜೂನ್ 5ನೇ ತಾರೀಖೋ ಮೇ 6ನೇ ತಾರೀಖೋ? ಬಡ್ಡಿ ಲೆಕ್ಕದಲ್ಲಿ ಒಂದು ತಿಂಗಳು ಹಿಂದುಮುಂದಾದರೆ ಜಗಳ ಗ್ಯಾರಂಟಿ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: 2023-06-05 ಮಾದರಿಯಲ್ಲೇ ಕೊಡಿ ಅನ್ನಿ.

ಅರ್ಥ. ‘ಬಾಕಿ’ ಅಂತ ಒಂದು ಕಾಲಮ್ ಇದೆ. ಅದು ಬರೀ ಅಸಲೋ, ಬಡ್ಡಿ ಸೇರಿಸಿಯೋ, ದಂಡಬಡ್ಡಿಯೂ ಸೇರಿದೆಯೋ? ‘ಸ್ಥಿತಿ’ ಕಾಲಮ್ಮಿನಲ್ಲಿ 1, 2, 3 ಅಂತಿದ್ದರೆ ಯಾವುದು ಸುಸ್ತಿ, ಯಾವುದು ಮುಕ್ತಾಯ? ಮಂಡಿಯವರಾದರೆ ಚೀಲದ ಲೆಕ್ಕವೋ ಕ್ವಿಂಟಲ್ ಲೆಕ್ಕವೋ? ಈ ವಿವರ ಹಳೇ ಕಂಪನಿಯ ಒಬ್ಬ ಹುಡುಗನ ತಲೆಯಲ್ಲಿ ಮಾತ್ರ ಇರುತ್ತದೆ. ಅವನು ಕೆಲಸ ಬಿಟ್ಟರೆ ದತ್ತಾಂಶ ಕೈಯಲ್ಲಿದ್ದೂ ಇಲ್ಲದಂತೆ.

ವರ್ತನೆ. ಅದೇ ಅಂಕಿಯನ್ನು ಹೊಸ ತಂತ್ರಾಂಶಕ್ಕೆ ಹಾಕಿ ಹತ್ತು ಸಾಲದ ಖಾತೆಗಳ ಬಡ್ಡಿ ತೆಗೆಸಿ, ನಿಮ್ಮ ಲೆಡ್ಜರಿನ ಜತೆ ತಾಳೆ ನೋಡಿ. ಒಂದು ದಿನಗಣನೆ ಮಾಡುತ್ತದೆ, ಇನ್ನೊಂದು ತಿಂಗಳ ಲೆಕ್ಕ ಹಿಡಿಯುತ್ತದೆ. ಪೈಸೆಯ ವ್ಯತ್ಯಾಸವಿದ್ದರೂ ಯಾಕೆ ಅಂತ ಬರೆಸಿಕೊಳ್ಳಿ. ಲೆಕ್ಕಪರಿಶೋಧಕರು ಕೇಳಿದಾಗ ಬೇಕಾಗುತ್ತದೆ.

ದತ್ತಾಂಶ ಹೊರತೆಗೆಯುವುದಕ್ಕೆ ದೊಡ್ಡ ಕ್ಲೌಡ್ ಕಂಪನಿಗಳು ವಿಧಿಸುವ ಶುಲ್ಕದ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಬರುತ್ತದೆ. ನಿಮ್ಮ ಸಂಘದ ಪೂರ್ತಿ ಲೆಕ್ಕ ಒಂದು ಪೆನ್‌ಡ್ರೈವ್‌ಗೆ ಹಿಡಿಸುವಷ್ಟಿದ್ದರೆ ಅದರ ಚಿಂತೆ ಬಿಡಿ. ನಿಮ್ಮನ್ನು ಕಟ್ಟಿಹಾಕುವುದು ಆ ಶುಲ್ಕವಲ್ಲ, ಮಾರುವವರು ಕೊನೆಯಲ್ಲಿ ಹೇಳುವ ‘ಡೇಟಾ ಮೈಗ್ರೇಷನ್ ಚಾರ್ಜ್’. ಅದರ ಮೊತ್ತ ಸೇರುವ ದಿನವೇ ಕರಾರಿಗೆ ಬರಬೇಕು. ಸೊನ್ನೆ ಅಂತ ಬರೆಸಿಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ನೀವು ಇನ್ನೂ ಸಹಿ ಮಾಡಿಲ್ಲದ ಆ ದಿನ ಮಾತ್ರ ಅದು ಸಾಧ್ಯ.

5. ಬ್ಯಾಕಪ್: ಇದೆ ಅನ್ನುವುದಲ್ಲ, ಮರಳಿ ಬಂತೇ ಅನ್ನುವುದು

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಬಿತ್ತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಬೇರೆಡೆ ಅದರ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಗತಿ ಇದು.

ನಿಮ್ಮ ಮಟ್ಟದಲ್ಲಿ ಮಾಡಬೇಕಾದದ್ದು ಸರಳ. ಮಾರುವವರ ಬ್ಯಾಕಪ್ ಬೇರೆ ಊರಿನ ಕೇಂದ್ರದಲ್ಲಿರಲಿ. ಅದಲ್ಲದೆ ತಿಂಗಳಿಗೊಮ್ಮೆ ನೀವೇ ಪೂರ್ತಿ ಲೆಕ್ಕ ಇಳಿಸಿಕೊಂಡು, ಪಾಸ್‌ವರ್ಡ್ ಹಾಕಿದ ಹಾರ್ಡ್‌ಡಿಸ್ಕಿನಲ್ಲಿ ಸಂಘದ ತಿಜೋರಿಯಲ್ಲಿಡಿ. ಗುಮಾಸ್ತರ ಮನೆಯಲ್ಲಿ ಬೇಡ. ವರ್ಷಕ್ಕೊಮ್ಮೆ ಬ್ಯಾಕಪ್ಪಿನಿಂದ ಲೆಕ್ಕ ಮರಳಿ ಏರಿಸಿ ತೋರಿಸಲು ಹೇಳಿ, ಎಷ್ಟು ಹೊತ್ತು ಹಿಡಿಯಿತು ಅಂತ ನಡಾವಳಿಯಲ್ಲಿ ಬರೆಯಿರಿ. ಒಂದು ಹಗಲು ಹಿಡಿದರೆ, ಅಷ್ಟು ಹೊತ್ತು ಕೈಬರಹದ ರಸೀದಿ ಪುಸ್ತಕದಲ್ಲಿ ಕೌಂಟರ್ ನಡೆಸಲು ತಯಾರಿರಬೇಕು.

6. ಆರು ಗಂಟೆಯ ಗಡಿಯಾರ

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ) 180 ದಿನ ಕಾಪಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮ ಬಂತು. ಅದರಲ್ಲಿ ಲಾಗ್ ಇಡುವ ಅವಧಿ ಒಂದು ವರ್ಷ. ನಿಯಮದ ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇವರೆಗೆ. ಭದ್ರತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸಣ್ಣ ಸಂಘಕ್ಕೆ ಅಷ್ಟು ಹಾಕುತ್ತಾರೆಂದಲ್ಲ. ಗಮನಿಸಬೇಕಾದದ್ದು ಬೇರೆ: ದತ್ತಾಂಶವನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದರೂ ಈ ಕಾಯ್ದೆಯಡಿ ಹೊಣೆ ಸಂಗ್ರಹಿಸಿದವರದೇ. ‘ಸಾಫ್ಟ್‌ವೇರ್‌ನೋರನ್ನ ಕೇಳಿ’ ಅಂತ ತಪ್ಪಿಸಿಕೊಳ್ಳಲಾಗದು.

ಹೀಗಾಗಿ ಮೂರು ಕೆಲಸ ಮಾಡಿ. ಏನಾದರೂ ಸಂಶಯ ಬಂದರೆ ಮೊದಲು ಯಾರಿಗೆ ಫೋನ್, ಆಮೇಲೆ ಯಾರಿಗೆ ಅಂತ ಒಂದು ಚೀಟಿ ಬರೆದು ಕ್ಯಾಷ್ ಕೌಂಟರಿನ ಹಿಂದೆ ಅಂಟಿಸಿ. ಹಣ ಹೋಗಿದ್ದರೆ ಕರೆಯಬೇಕಾದ ಸೈಬರ್ ವಂಚನೆ ಸಹಾಯವಾಣಿ 1930 ಅದರಲ್ಲಿರಲಿ. ಆ ಚೀಟಿಯ ಪಕ್ಕದಲ್ಲೇ ಅಂಟಿಸಿರುವ ಪಾಸ್‌ವರ್ಡ್ ಚೀಟಿ ಕಿತ್ತುಹಾಕಿ. ಪ್ರತಿಯೊಬ್ಬ ಸಿಬ್ಬಂದಿಗೂ ಬೇರೆ ಲಾಗಿನ್ ಮಾಡಿಸಿ. ನಾಲ್ಕು ಜನ ಒಂದೇ ‘ಅಡ್ಮಿನ್’ ಬಳಸಿದರೆ ವರ್ಷಗಟ್ಟಲೆ ಲಾಗ್ ಇಟ್ಟರೂ ಯಾರು ಏನು ಮಾಡಿದರು ಅಂತ ತಿಳಿಯದು. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚಬೇಕು. ಬೀಳ್ಕೊಡುಗೆ ಹಾರ ಹಾಕುವ ಮೊದಲೇ ಅಂದರೂ ಸರಿ.

7. ಕರಾರಿಗೆ ಸೇರಬೇಕಾದ ಸಾಲುಗಳು

ಮಾರುವವರು ಕೊಡುವ ಅಚ್ಚಿನ ಕರಾರಿಗೆ ಒಂದು ಅನುಬಂಧ ಸೇರಿಸಿ. ಭಾಷೆ ಸರಳವಾಗಿದ್ದರೆ ಸಾಕು, ಆದರೆ ಇವು ಇರಬೇಕು: ದತ್ತಾಂಶದ ಒಡೆತನ ಸಂಘದ್ದು, ಅದು ಭಾರತದ ಇಂಥ ಊರಿನ ಕೇಂದ್ರದಲ್ಲಿರುತ್ತದೆ, ಬದಲಾಯಿಸಿದರೆ ಮೊದಲೇ ಲಿಖಿತ ಸೂಚನೆ, ಘಟನೆ ನಡೆದರೆ ಸಂಘಕ್ಕೆ ಎರಡು ಗಂಟೆಯೊಳಗೆ ತಿಳಿಸಬೇಕು (ಆರರಲ್ಲಿ ಉಳಿದ ನಾಲ್ಕು ನಿಮಗೆ), ಕರಾರು ಮುಗಿದ ಮೇಲೆ 30 ದಿನದೊಳಗೆ ಯೂನಿಕೋಡ್ ಸಿಎಸ್‌ವಿಯಲ್ಲಿ ಪೂರ್ತಿ ದತ್ತಾಂಶ ಮತ್ತು ಕಾಲಮ್ಮುಗಳ ವಿವರ, ಅಲ್ಲಿಯವರೆಗೆ ಓದಲು ಮಾತ್ರ ಪ್ರವೇಶ, ಆಮೇಲೆ ಅವರ ಬಳಿಯಿರುವ ಪ್ರತಿ ಅಳಿಸಿ ಲಿಖಿತ ದೃಢೀಕರಣ, ಹಣದ ತಕರಾರು ಇದ್ದರೂ ದತ್ತಾಂಶ ತಡೆಹಿಡಿಯುವಂತಿಲ್ಲ. ಈ ಕೊನೆಯ ಸಾಲಿಗೇ ಅವರು ಹೆಚ್ಚು ಮುಖ ಸಿಂಡರಿಸುತ್ತಾರೆ. ಬಿಟ್ಟುಕೊಡಬೇಡಿ.

‘ಇಷ್ಟೆಲ್ಲಾ ಬ್ಯಾಂಕಿನೋರೂ ಕೇಳಲ್ಲ ಸಾರ್’ ಅನ್ನಬಹುದು. ಕೇಳುತ್ತಾರೆ. ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಐಟಿ ಹೊರಗುತ್ತಿಗೆಯ ಬಗ್ಗೆ ಹೊರಡಿಸಿ ಅದೇ ಅಕ್ಟೋಬರ್‌ನಿಂದ ಜಾರಿಗೆ ತಂದ ನಿರ್ದೇಶನದಲ್ಲಿ ಕ್ಲೌಡ್‌ಗೆಂದೇ ಪ್ರತ್ಯೇಕ ಅನುಬಂಧವಿದೆ, ಹೊರಬರುವ ಯೋಜನೆ ಮೊದಲೇ ಇರಬೇಕು ಅಂತಲೂ ಇದೆ. ಪತ್ತಿನ ಸಹಕಾರಿಗಳು ಅದರ ವ್ಯಾಪ್ತಿಯಲ್ಲಿಲ್ಲ ನಿಜ, ಆದರೆ ಮಾತಿಗೆ ಮಾತು ಕೊಡಲು ಅದರ ಒಂದು ಮುದ್ರಿತ ಪ್ರತಿ ಮೇಜಿನ ಮೇಲಿದ್ದರೆ ಸಂಭಾಷಣೆಯ ಧಾಟಿಯೇ ಬದಲಾಗುತ್ತದೆ.

ಅನುಬಂಧಕ್ಕೆ ಸಹಿ ಬಿದ್ದ ಮೇಲೆ ಠರಾವಿನಲ್ಲಿ ಅದರ ಉಲ್ಲೇಖ ಬರಲಿ. ಹಳೆಯ ತಂತ್ರಾಂಶವನ್ನು ಕೂಡಲೇ ನಿಲ್ಲಿಸದೆ ಮಾರ್ಚ್ 31ರ ಅಖೈರು ಮುಗಿಯುವವರೆಗೆ ಎರಡನ್ನೂ ಜತೆಗೆ ಓಡಿಸಿ, ಎರಡರ ಜಮಾಖರ್ಚು ತಾಳೆಯಾದ ಮೇಲೆ ಹಳೆಯದಕ್ಕೆ ನೋಟಿಸ್ ಕೊಡಿ.